ಸ್ಟಕ್ಕಾಟೊ ಕಾರ್ಡ್ ಮತ್ತು ಬಿಗಿಯಾಗೋ ಎಡಗೈ: ಒಂದು ಕೇಸ್ ಪೂರ್ತಿಯಾಗಿ

ನನ್ನ ಹತ್ರ ಪಿಯಾನೊ ಕಲೀತಿರೋ ಒಬ್ಬರ ಕೇಸ್ ಇದು, ಅವರನ್ನ ಕೇಳಿಯೇ ಬರೀತಿದೀನಿ, ಹೆಸರು ಮಾತ್ರ ಬೇಡ ಅಂದ್ರು. ದೊಡ್ಡವರಾದ ಮೇಲೆ ಕಲಿಯೋಕೆ ಶುರು ಮಾಡಿದವರು, ಕೆಲಸ ಮುಗಿಸಿ ರಾತ್ರಿ ಪ್ರಾಕ್ಟೀಸ್ ಮಾಡ್ತಾರೆ, ನೋಟೇಶನ್ ಚೆನ್ನಾಗಿ ಓದ್ತಾರೆ, ಸ್ಕೇಲ್‌ಗಳೆಲ್ಲ ಸಲೀಸು. ತೊಂದರೆ ಬಂದಿದ್ದು ಬರ್ಗ್‌ಮ್ಯುಲರ್ ಅನ್ನೋ ಕಂಪೋಸರ್ ಕಲಿಯೋರಿಗೆ ಅಂತ ಬರೆದ ಪೀಸ್‌ಗಳ ಸಂಗ್ರಹ ಓಪಸ್ 100 ರ ಎರಡನೇ ಪೀಸ್ ಅರಬೆಸ್ಕ್‌ನಲ್ಲಿ. ಪಿಯಾನೊ ಕಲಿತವರಲ್ಲಿ ಬಹಳ ಜನ ಇದನ್ನ ದಾಟಿಕೊಂಡೇ ಬಂದಿರ್ತಾರೆ, ಬಲಗೈ ಸರಸರ ಓಡೋ ಸ್ವರಗಳೇ ಕಷ್ಟ ಅಂದ್ಕೋತಾರೆ, ಆದ್ರೆ ಪೀಸ್ ಶುರುವಾಗೋದು ಎಡಗೈಯಿಂದ. ಎ ಮೈನರ್ ಕಾರ್ಡ್, ಎ, ಸಿ, ಇ ಮೂರೂ ಒಟ್ಟಿಗೆ, ಬೀಟ್‌ಗೆ ಒಂದರಂತೆ, ಪ್ರತಿಯೊಂದಕ್ಕೂ ಸ್ಟಕ್ಕಾಟೊ ಚುಕ್ಕಿ, ಅಂದ್ರೆ ಸ್ವರವನ್ನ ಎಳೆಯದೆ ಚಿಕ್ಕದಾಗಿ ಕತ್ತರಿಸಿ ನುಡಿಸಿ ಅನ್ನೋ ಗುರುತು, ಜೊತೆಗೆ ಮೆಲ್ಲಗೆ, ಹಗುರವಾಗಿ ಅನ್ನೋ ಸೂಚನೆ ಬೇರೆ.

ಅವರ ಕಂಪ್ಲೇಂಟ್ ಸ್ಪಷ್ಟವಾಗಿತ್ತು. ನಿಧಾನವಾಗಿ ನುಡಿಸಿದ್ರೆ ಏನೂ ಇಲ್ಲ, ಸ್ವಲ್ಪ ಸ್ಪೀಡ್ ಏರಿಸಿದ್ರೆ ಮೊದಲ ಲೈನ್ ಮುಗಿಯೋಷ್ಟರಲ್ಲಿ ಮುಂಗೈ ಬಿಗಿ, ಎರಡನೇ ಲೈನ್‌ಗೆ ಉರಿ, ಅಲ್ಲಿಂದ ಮುಂದೆ ಕಾರ್ಡ್‌ನ ಮೂರು ಸ್ವರ ಒಟ್ಟಿಗೆ ಬೀಳೋದೇ ಇಲ್ಲ, ಒಂದು ಮುಂಚೆ ಒಂದು ಆಮೇಲೆ, ಕೆಲವು ಸಲ ಮಧ್ಯದ ಸಿ ಕೇಳಿಸೋದೇ ಇಲ್ಲ. "ಮೇಡಂ, ನನ್ನ ಬೆರಳಲ್ಲಿ ಶಕ್ತಿ ಕಮ್ಮಿ ಅನ್ಸುತ್ತೆ, ಏನಾದ್ರೂ ಎಕ್ಸರ್‌ಸೈಜ್ ಕೊಡಿ" ಅಂದ್ರು. ಮೃದುವಾದ ಚೆಂಡು ಹಿಸುಕೋ ಎಕ್ಸರ್‌ಸೈಜನ್ನ ಅವರೇ ಆಗ್ಲೇ ಶುರು ಮಾಡಿದ್ರಂತೆ. ಅದನ್ನ ಅವತ್ತೇ ನಿಲ್ಲಿಸೋಕೆ ಹೇಳಿದೆ. ಮೊದಲೇ ದಣಿದಿರೋ ಕೈಗೆ ಇನ್ನಷ್ಟು ಹಿಸುಕೋ ಕೆಲಸ ಕೊಟ್ಟು ಏನು ಉಪಯೋಗ.

ಮೊದಲು ಕೇಳಿದ ಪ್ರಶ್ನೆ, ಉರಿ ಎಲ್ಲಿ, ಬೆರಳಿಟ್ಟು ತೋರಿಸಿ ಅಂತ. ಜೊತೆಗೇ ಮರಗಟ್ಟೋದು, ಜುಮುಗುಡೋದು, ರಾತ್ರಿ ಮಲಗಿದಾಗ ನೋವು, ಇವೆಲ್ಲ ಇದೆಯಾ ಅಂತಾನೂ ಕೇಳಿದೆ. ಅವು ಇದ್ದಿದ್ರೆ ಪಾಠ ನಿಲ್ಲಿಸಿ ಡಾಕ್ಟರ್ ಹತ್ರ ಕಳಿಸ್ತಿದ್ದೆ, ಅಂಥದ್ದನ್ನ ಟೆಕ್ನಿಕ್‌ನಿಂದ ಸರಿ ಮಾಡ್ತೀನಿ ಅಂತ ಯಾವ ಟೀಚರೂ ಕೂರಬಾರದು. ಅವರಿಗೆ ಅದೇನೂ ಇರಲಿಲ್ಲ, ನುಡಿಸೋದು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಉರಿ ಹೋಗಿಬಿಡ್ತಿತ್ತು. ಅವರು ಬೆರಳಿಟ್ಟ ಜಾಗ ಮಾತ್ರ ನನಗೆ ಅರ್ಧ ಉತ್ತರ ಕೊಟ್ಟುಬಿಡ್ತು: ಮುಂಗೈಯ ಮೇಲ್ಭಾಗ, ಅಂಗೈ ಕೆಳಗೆ ಮಾಡಿ ಇಟ್ಟಾಗ ಆಕಾಶ ನೋಡೋ ಕಡೆ, ಮೊಣಕೈಯಿಂದ ಸ್ವಲ್ಪ ಕೆಳಗೆ.

ಇದು ಯಾಕೆ ಮುಖ್ಯ ಅಂದ್ರೆ, ಬೆರಳೊಳಗೆ ಮಸಲ್ ಇಲ್ಲ. ಅಂಗೈಯಲ್ಲಿ ಕೆಲವು ಸಣ್ಣ ಮಸಲ್ ಇವೆ, ಆದ್ರೆ ದೊಡ್ಡ ಕೆಲಸ ಮಾಡೋವೆಲ್ಲ ಮುಂಗೈಯಲ್ಲಿ ಕೂತು ಉದ್ದ ಹುರಿಗಳ ಮೂಲಕ ಬೆರಳನ್ನ ಎಳೀತವೆ. ಒಳಭಾಗದಲ್ಲಿರೋವು ಬೆರಳನ್ನ ಮಡಿಸ್ತವೆ, ಅಂದ್ರೆ ಕೀ ಒತ್ತೋ ಕಡೆಗೆ. ಮೇಲ್ಭಾಗದಲ್ಲಿರೋವು ಬೆರಳನ್ನೂ ಮಣಿಕಟ್ಟನ್ನೂ ಮೇಲಕ್ಕೆ ಎತ್ತುತ್ತವೆ. ಒತ್ತಿ ಒತ್ತಿ ಸುಸ್ತಾಗಿದ್ರೆ ಉರಿ ಹೆಚ್ಚಾಗಿ ಒಳಭಾಗದಲ್ಲಿ ಇರಬೇಕಿತ್ತು. ಇವರ ಕೈ ಸುಸ್ತಾಗ್ತಿದ್ದಿದ್ದು ಎತ್ತಿ ಎತ್ತಿ. ಕಾರ್ಡ್ ನುಡಿಸೋದ್ರಲ್ಲಿ ಅಲ್ಲ, ನುಡಿಸಿದ ಮೇಲೆ ಕೈ ಏನು ಮಾಡುತ್ತೋ ಅದರಲ್ಲಿ ತೊಂದರೆ ಇದೆ ಅನ್ನೋ ಅನುಮಾನ ಇಲ್ಲಿಂದ ಶುರುವಾಯ್ತು.

ಫೋನನ್ನ ಕೀಬೋರ್ಡ್ ಪಕ್ಕದಲ್ಲಿ ಕೀ ಮಟ್ಟಕ್ಕೇ ಇಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆದ್ವಿ. ಮೇಲಿಂದ ತೆಗೆದ್ರೆ ಕೈ ಚೆಂದ ಕಾಣುತ್ತೆ ಅಷ್ಟೇ, ಸೈಡಿಂದ ತೆಗೆದ್ರೇನೇ ನಿಜ ಗೊತ್ತಾಗೋದು. ಕೂರೋ ಎತ್ತರ ಸರಿಯಾಗೇ ಇತ್ತು, ಮೊಣಕೈ ಹೆಚ್ಚುಕಮ್ಮಿ ಕೀಗಳ ಮಟ್ಟಕ್ಕೆ, ಹಾಗಾಗಿ ಅದರ ಬಗ್ಗೆ ಹೆಚ್ಚು ಹೇಳಲ್ಲ. ವಿಡಿಯೊದಲ್ಲಿ ಕಂಡಿದ್ದು ಹೀಗೆ: ಕಾರ್ಡ್ ಬೀಳುತ್ತೆ, ಬಿದ್ದ ತಕ್ಷಣ ಕೈ ಸೆಳೆದ ಹಾಗೆ ಮೇಲಕ್ಕೆ ಹಾರುತ್ತೆ, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಎತ್ತರಕ್ಕೆ, ಅಲ್ಲಿ ಗಾಳಿಯಲ್ಲೇ ಕಾರ್ಡ್ ಆಕಾರ ಹಿಡ್ಕೊಂಡು ನಿಲ್ಲುತ್ತೆ, ಮುಂದಿನ ಬೀಟ್‌ಗೆ ಅಲ್ಲಿಂದ ಕೆಳಗೆ ಬಡಿಯುತ್ತೆ. ಕಿರುಬೆರಳು, ನಡುಬೆರಳು, ಹೆಬ್ಬೆರಳು ಮೂರು ಸ್ವರದ ಮೇಲೆ, ಮಧ್ಯೆ ಕೆಲಸ ಇಲ್ಲದ ತೋರುಬೆರಳು, ಉಂಗುರಬೆರಳು ಎರಡೂ ಸೆಟೆದು ಮೇಲೆ ನಿಂತಿದ್ವು. ಎಲ್ಲಕ್ಕಿಂತ ಮುಖ್ಯ ಅಂದ್ರೆ ಎರಡು ಕಾರ್ಡ್ ನಡುವಿನ ಆ ಗ್ಯಾಪ್‌ನಲ್ಲಿ ಕೈಗೆ ಒಂದು ಕ್ಷಣವೂ ರೆಸ್ಟ್ ಇರಲಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದೆ. ಹಿಂದೆ ಕಲಿಸಿದವರು ಸ್ಟಕ್ಕಾಟೊ ಅಂದ್ರೆ ಬಿಸಿ ಪಾತ್ರೆ ಮುಟ್ಟಿದ ಹಾಗೆ ಕೈ ತೆಗೀಬೇಕು ಅಂದಿದ್ರಂತೆ. ಇದನ್ನ ತುಂಬಾ ಕಡೆ ಹೇಳ್ತಾರೆ, ಚಿಕ್ಕ ಮಕ್ಕಳಿಗೆ ಒಂದೊಂದೇ ಸ್ವರ ನುಡಿಸೋವಾಗ ತಕ್ಷಣ ಅರ್ಥ ಆಗಿಬಿಡುತ್ತೆ ಅನ್ನೋದೂ ನಿಜ. ಆದ್ರೆ ಬಿಸಿ ಮುಟ್ಟಿದಾಗ ಕೈ ಏನು ಮಾಡುತ್ತೆ ಯೋಚಿಸಿ, ಭುಜದಿಂದ ಹಿಡಿದು ಬೆರಳ ತುದಿವರೆಗೂ ಒಟ್ಟಿಗೆ ಬಿಗಿದು ಸೆಳ್ಕೊಳ್ಳುತ್ತೆ. ಅಪಾಯದಿಂದ ತಪ್ಪಿಸಿಕೊಳ್ಳೋ ಚಲನೆ ಅದು, ಅದನ್ನ ಪೇಜಿಗೆ ಐವತ್ತು ಸಲ ಮಾಡಿಸಿದ್ರೆ ಕೈ ಬಿಗಿಯಾಗದೆ ಇನ್ನೇನಾಗುತ್ತೆ. ನನ್ನ ಪ್ರಕಾರ ಕಾರ್ಡ್ ಹಂತಕ್ಕೆ ಬಂದವರಿಗೆ ಈ ಹೋಲಿಕೆಯನ್ನ ಪೂರ್ತಿ ಬಿಡಿಸಬೇಕು.

ಬದಲಿಗೆ ಪಿಯಾನೊ ಒಳಗೆ ಏನಾಗುತ್ತೆ ಅಂತ ತೋರಿಸಿದೆ. ನನ್ನ ಹತ್ರ ಇರೋದು ಅಪ್‌ರೈಟ್, ಅಂದ್ರೆ ನೆಟ್ಟಗೆ ನಿಲ್ಲೋ ಪಿಯಾನೊ, ಮೇಲಿನ ಪ್ಯಾನೆಲ್ ತೆಗೆದ್ರೆ ಎಲ್ಲ ಕಣ್ಣಿಗೆ ಕಾಣುತ್ತೆ. ಕೀ ಪೂರ್ತಿ ಒತ್ತಿದ್ರೆ ಇಳಿಯೋದು ಸುಮಾರು 10 ಮಿಲಿಮೀಟರ್ ಅಷ್ಟೇ. ಆ ದಾರಿಯ ಕೊನೆ ಹತ್ತಿರ, ಹ್ಯಾಮರ್ ತಂತಿಯಿಂದ ಎರಡು ಮೂರು ಮಿಲಿಮೀಟರ್ ದೂರ ಇದ್ದಾಗಲೇ, ಕೀಗೂ ಹ್ಯಾಮರ್‌ಗೂ ಸಂಬಂಧ ಕಳಚಿಹೋಗುತ್ತೆ. ಉಳಿದ ದೂರವನ್ನ ಹ್ಯಾಮರ್ ತಾನೇ ಹಾರಿ ಹೋಗಿ ತಂತಿಗೆ ಹೊಡೆದು ವಾಪಸ್ ಬರುತ್ತೆ. ಅಲ್ಲಿಂದ ಮೇಲೆ ನೀವು ಎಷ್ಟೇ ಒತ್ತಿ, ಆ ಸ್ವರಕ್ಕೆ ಏನೂ ಆಗಲ್ಲ. ಸ್ವರ ನಿಲ್ಲೋದು ಡ್ಯಾಂಪರ್, ಅಂದ್ರೆ ತಂತಿ ಅದುರೋದನ್ನ ನಿಲ್ಲಿಸೋ ಮೆತ್ತೆ, ತಂತಿ ಮೇಲೆ ವಾಪಸ್ ಕೂತಾಗ, ಡ್ಯಾಂಪರ್ ಕೂರೋದು ಕೀ ಮೇಲೆ ಬಂದಾಗ, ಮತ್ತು ಕೀ ಮೇಲೆ ಬರೋದಕ್ಕೆ ನಿಮ್ಮ ಸಹಾಯ ಬೇಕಿಲ್ಲ. ಒತ್ತೋದು ಬಿಟ್ರೆ ಸಾಕು, ಒಳಗಿನ ತೂಕ ಮತ್ತು ಸ್ಪ್ರಿಂಗ್ ಸೇರಿ ಅದನ್ನ ಮೇಲಕ್ಕೆ ತಳ್ಳುತ್ತೆ, ನೀವು ತಡೀದೆ ಇದ್ರೆ ನಿಮ್ಮ ಬೆರಳನ್ನೂ ಸೇರಿಸಿ ತಳ್ಳುತ್ತೆ.

ಅಂದ್ರೆ ಸ್ಟಕ್ಕಾಟೊ ಎಷ್ಟು ಚಿಕ್ಕದು ಅನ್ನೋದನ್ನ ನಿರ್ಧರಿಸೋದು ಒತ್ತಡ ಎಷ್ಟು ಬೇಗ ಬಿಟ್ರಿ ಅನ್ನೋದು, ಕೈ ಎಷ್ಟು ಎತ್ತರಕ್ಕೆ ಹೋಯ್ತು ಅನ್ನೋದಲ್ಲ. ಡ್ಯಾಂಪರ್ ಕೂತ ಮೇಲೆ ಕೈ ಕೀ ಮೇಲೇ ಇದ್ರೂ, ಸೀಲಿಂಗ್ ಮುಟ್ಟಿದ್ರೂ ಕಿವಿಗೆ ವ್ಯತ್ಯಾಸ ಇಲ್ಲ.

ಶಕ್ತಿ ಕಮ್ಮಿ ಅನ್ನೋ ಭಯಕ್ಕೂ ಅಲ್ಲೇ ಉತ್ತರ ಸಿಕ್ತು. ಒಂದು ಕೀಯನ್ನ ನಿಧಾನವಾಗಿ ಇಳಿಸೋಕೆ ಸುಮಾರು 50 ಗ್ರಾಂ ತೂಕ ಸಾಕು, ಮೂರು ಕೀಗೆ ಸುಮಾರು 150. ಮಣಿಕಟ್ಟಿಂದ ಕೆಳಗಿನ ಕೈಯ ತೂಕವೇ ದೊಡ್ಡವರಿಗೆ 300, 400 ಗ್ರಾಂ ಇರುತ್ತೆ, ಮುಂಗೈಯದ್ದು ಸೇರಿಸಿದ್ರೆ ಇನ್ನೂ ಹೆಚ್ಚು. ಜೋರಾಗಿ ಕೇಳಬೇಕು ಅಂದ್ರೆ ಕೀ ಬೇಗ ಇಳೀಬೇಕು, ಅದಕ್ಕೆ ಸ್ವಲ್ಪ ಹೆಚ್ಚು ಬೇಕು ನಿಜ, ಆದ್ರೆ ಇಲ್ಲಿ ಬೇಕಾಗಿರೋದು ಮೆಲ್ಲಗಿನ ಕಾರ್ಡ್. ಅವರ ಕೈಯಲ್ಲಿ ಇದ್ದ ಶಕ್ತಿಯಲ್ಲೇ ಮುಕ್ಕಾಲು ಪಾಲು ಆ ಕೈಯನ್ನೇ ಗಾಳಿಯಲ್ಲಿ ಎತ್ತಿ ಹಿಡಿಯೋಕೆ ಖರ್ಚಾಗ್ತಿತ್ತು.

ಮೊದಲ ಪ್ರಯೋಗ ತುಂಬಾ ಸಿಂಪಲ್. ಕೈ ಕೀಗಳ ಮೇಲೆ ಇಟ್ಟಿರಿ, ಮೇಲಿಂದ ಬಡಿಯೋ ಹಾಗಿಲ್ಲ, ಮೇಲ್ಮೈ ಮುಟ್ಟಿಕೊಂಡೇ ಕಾರ್ಡ್ ಒಳಗೆ ಇಳಿಸಿ, ಕೇಳಿಸಿದ ತಕ್ಷಣ ಒತ್ತೋದು ಬಿಟ್ಟುಬಿಡಿ, ಎತ್ತಬೇಡಿ, ಕೀ ನಿಮ್ಮನ್ನ ಎತ್ತಲಿ. ಮೊದಲ ಕೆಲವು ಸಲ ಅವರ ಕೈ ಅಭ್ಯಾಸಬಲದಿಂದ ಹಾರಿಬಿಡ್ತಿತ್ತು. ಹಾಗಾಗಿ ಅವರ ಕೈ ಬೆನ್ನಿನ ಮೇಲೆ ನನ್ನ ಎರಡು ಬೆರಳು ಹಗುರವಾಗಿ ಇಟ್ಟೆ, ಒತ್ತೋಕಲ್ಲ, ಮೇಲೆ ಹೋದ್ರೆ ಅವರಿಗೇ ಗೊತ್ತಾಗಲಿ ಅಂತ. ಸ್ವಲ್ಪ ಹೊತ್ತಿಗೆ ಒಂದು ಕಾರ್ಡ್ ಬಂತು, ಚಿಕ್ಕದು, ಒಣಗಿದ್ದು, ಮೂರೂ ಸ್ವರ ಒಟ್ಟಿಗೆ. ಕೈ ಇದ್ದಲ್ಲೇ ಇತ್ತು. "ಇಷ್ಟೇನಾ? ನಾನೇನೂ ಮಾಡ್ಲೇ ಇಲ್ವಲ್ಲ" ಅಂದ್ರು. ಹೌದು, ಕಲಿಯಬೇಕಾಗಿದ್ದಿದ್ದೇ ಆ ಏನೂ ಮಾಡದೆ ಇರೋದನ್ನ.

ಮನೆಯಲ್ಲಿ ಅವರ ಹತ್ರ ಇರೋದು ಡಿಜಿಟಲ್ ಪಿಯಾನೊ, ವೇಟೆಡ್ ಕೀ, ಅಂದ್ರೆ ನಿಜವಾದ ಪಿಯಾನೊ ಹಾಗೆ ಭಾರ ಇರೋ ಕೀ ಇರೋದು, ಅಲ್ಲೂ ಇದು ಚೆನ್ನಾಗೇ ಕೆಲಸ ಮಾಡ್ತು. ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಗ್ರ್ಯಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರೋ ಮೊದಲೇ ಮತ್ತೆ ನುಡಿಸಬಹುದು, ಎರಾರ್ಡ್ ಅನ್ನೋ ಪಿಯಾನೊ ತಯಾರಕರು 1821 ರಲ್ಲಿ ಪೇಟೆಂಟ್ ಮಾಡಿದ ಡಬಲ್ ಎಸ್ಕೇಪ್‌ಮೆಂಟ್ ಅನ್ನೋ ಒಳಗಿನ ಜೋಡಣೆಯಿಂದ ಬಂದ ಅನುಕೂಲ ಅದು. ಸಾಮಾನ್ಯ ಅಪ್‌ರೈಟ್‌ನಲ್ಲಿ ಅದಿಲ್ಲ, ಕೀ ಹೆಚ್ಚುಕಮ್ಮಿ ಪೂರ್ತಿ ಮೇಲೆ ಬಂದ್ರೇನೇ ಮುಂದಿನ ಏಟು ಸರಿಯಾಗಿ ಬೀಳೋದು. ಅದಕ್ಕೇ ಅಪ್‌ರೈಟ್‌ನಲ್ಲಿ ಒಂದೇ ಕಾರ್ಡನ್ನ ಮತ್ತೆ ಮತ್ತೆ ನುಡಿಸೋರು ಬೆರಳಿನ ಭಾರ ನಿಜವಾಗಲೂ ಬಿಟ್ಟಿದೀವಾ ಅಂತ ಇನ್ನೂ ಜಾಸ್ತಿ ಗಮನಿಸಬೇಕು, ಅರ್ಧ ಬಿಟ್ರೆ ಸ್ವರ ನುಂಗಿಹೋಗುತ್ತೆ.

ಎರಡನೇ ವಿಷಯ ಆ ಕೆಲಸ ಇಲ್ಲದ ಬೆರಳುಗಳದ್ದು, ನನಗೆ ಈ ಇಡೀ ಕೇಸ್‌ನಲ್ಲಿ ಅತಿ ಇಂಟರೆಸ್ಟಿಂಗ್ ಅನ್ಸಿದ್ದೂ ಇದೇ. ಕೈ ಬೆನ್ನಿನ ಮೇಲೆ ಬೆರಳೆತ್ತೋ ಹುರಿಗಳು ಹಾದುಹೋಗ್ತವಲ್ಲ, ಅದರಲ್ಲಿ ಉಂಗುರಬೆರಳಿನ ಹುರಿಗೆ ಅಕ್ಕಪಕ್ಕದ ಬೆರಳಿನ ಹುರಿಗಳ ಜೊತೆ ಅಡ್ಡ ಕೊಂಡಿಗಳಿವೆ. ಅಂಗೈಯನ್ನ ಟೇಬಲ್ ಮೇಲೆ ಇಟ್ಟು, ನಡುಬೆರಳನ್ನ ಒಳಗೆ ಮಡಿಸಿ, ಉಂಗುರಬೆರಳನ್ನ ಮಾತ್ರ ಎತ್ತೋಕೆ ನೋಡಿ, ಬಹಳ ಜನರಿಗೆ ಅದು ಅಲ್ಲಾಡೋದೇ ಇಲ್ಲ. ಈಗ ಎಡಗೈ ಎ, ಸಿ, ಇ ಕಾರ್ಡ್‌ನಲ್ಲಿ ಕಿರುಬೆರಳು, ನಡುಬೆರಳು ಎರಡೂ ಕೆಳಗೆ ಹೋಗ್ತಿವೆ, ಅವೆರಡರ ಮಧ್ಯೆ ಇರೋ ಉಂಗುರಬೆರಳನ್ನ ಇವರು ಮೇಲೆ ಎತ್ತಿ ಹಿಡಿದಿದಾರೆ. ಒಂದೇ ಕೊಂಡಿಯನ್ನ ಎರಡು ದಿಕ್ಕಿಗೆ ಎಳೆದ ಹಾಗೆ, ಕೈ ತನ್ನ ಜೊತೆ ತಾನೇ ಜಗಳ ಆಡ್ತಿದೆ. ಯಾಕೆ ಎತ್ತುತ್ತಾರೆ ಅಂದ್ರೆ ತಪ್ಪಿ ಬಿ ಅಥವಾ ಡಿ ಬಿದ್ದುಬಿಟ್ರೆ ಅನ್ನೋ ಭಯ.

ಅದಕ್ಕೆ ಮಾಡಿಸಿದ್ದು ಭಯಕ್ಕೆ ಉಲ್ಟಾ. ಉಂಗುರಬೆರಳು ಬಿ ಮೇಲೆ, ತೋರುಬೆರಳು ಡಿ ಮೇಲೆ, ಮುಟ್ಟಿಕೊಂಡು ಸುಮ್ಮನೆ ಕೂತಿರಲಿ. ಐದೂ ಬೆರಳು ಐದು ಬಿಳಿ ಕೀ ಮೇಲೆ, ಮೂರು ಮಾತ್ರ ಇಳೀತವೆ. ಮೊದಮೊದಲು ಬಿ ಒಂದೆರಡು ಸಲ ಜೊತೆಗೆ ಕೇಳಿಸ್ತು, ಕೇಳಿಸಲಿ ಬಿಡಿ ಅಂದೆ. 50 ಗ್ರಾಂ ಒತ್ತಡ ಬೀಳದೆ ಕೀ ಇಳಿಯಲ್ಲ, ಸುಮ್ಮನೆ ಮಲಗಿರೋ ಬೆರಳಿಗೆ ಅಷ್ಟು ಒತ್ತಡ ಇರಲ್ಲ, ಅದನ್ನ ಕೈ ಒಮ್ಮೆ ನಂಬಿದ ಮೇಲೆ ತಾನಾಗೇ ಸುಮ್ಮನಾಯ್ತು. ಅವತ್ತು ಮುಂಗೈ ಮೇಲ್ಭಾಗ ಮುಟ್ಟಿ ನೋಡಿದ್ರು, ನುಡಿಸ್ತಿರೋವಾಗಲೇ ಮೆತ್ತಗಿತ್ತು. ಮುಟ್ಟಿ ನೋಡೋ ಈ ಪರೀಕ್ಷೆ ಆಮೇಲೂ ಇಟ್ಕೊಂಡ್ವಿ: ಬಲಗೈಯಿಂದ ಎಡ ಮುಂಗೈ ಹಿಡ್ಕೊಂಡು ಎಡಗೈ ಒಂದೇ ನುಡಿಸೋದು, ಕಾರ್ಡ್ ಬೀಳೋವಾಗ ಮಸಲ್ ಒಂದು ಸಲ ಮಿಡಿದು ತಕ್ಷಣ ಮೆತ್ತಗಾಗಬೇಕು, ಮಿಡಿದು ಹಾಗೇ ಗಟ್ಟಿಯಾಗಿ ಉಳಿದ್ರೆ ಅಲ್ಲೇ ನಿಲ್ಲಿಸೋದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ರಿಲ್ಯಾಕ್ಸ್ ಮಾಡಿ, ಕೈ ಲೂಸ್ ಬಿಡಿ ಅಂತ ಬರೀ ಅಷ್ಟೇ ಹೇಳಿದ್ರೆ ಕೆಲಸ ಕೆಡುತ್ತೆ. ಇವರೂ ಮಧ್ಯೆ ಒಂದು ಹಂತದಲ್ಲಿ ಎಲ್ಲವನ್ನೂ ಲೂಸ್ ಬಿಟ್ರು, ಗೆಣ್ಣು ಒಳಗೆ ಕುಸೀತು, ಬೆರಳ ತುದಿ ಬಾಗಿಹೋಯ್ತು, ಕಾರ್ಡ್ ಚೆಲ್ಲಾಪಿಲ್ಲಿ. ಕೀ ಇಳಿಯೋ ಆ ಕ್ಷಣದಲ್ಲಿ ತುದಿ ಗೆಣ್ಣು ಗಟ್ಟಿ ಇರಬೇಕು, ಅಂಗೈ ಕಮಾನು ನಿಂತಿರಬೇಕು, ಇಲ್ಲಾಂದ್ರೆ ತೋಳಿನ ತೂಕ ಕೀಗೆ ತಲುಪೋದೇ ಇಲ್ಲ, ದಾರಿಯಲ್ಲೇ ಸೋರಿಹೋಗುತ್ತೆ. ಗಟ್ಟಿತನ ಬೇಕು, ಆದ್ರೆ ಅದಕ್ಕೆ ಶುರು ಇರೋ ಹಾಗೆ ಕೊನೆಯೂ ಇರಬೇಕು. ಇವರ ಕೈಗೆ ಶುರು ಗೊತ್ತಿತ್ತು, ಕೊನೆ ಗೊತ್ತಿರಲಿಲ್ಲ.

ಸ್ಪೀಡ್ ವಿಷಯಕ್ಕೆ ಬರೋಣ. ಈ ಪೀಸ್‌ಗೆ ಹಲವು ಎಡಿಷನ್‌ಗಳಲ್ಲಿ ನಿಮಿಷಕ್ಕೆ 152 ಬೀಟ್ ಅಂತ ಹಾಕಿರ್ತಾರೆ, ಅಂದ್ರೆ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಸುಮಾರು 0.4 ಸೆಕೆಂಡ್. ಇವರು ಆರಾಮಾಗಿ ನುಡಿಸ್ತಿದ್ದಿದ್ದು 80 ರಲ್ಲಿ, ಅಲ್ಲಿ ಮುಕ್ಕಾಲು ಸೆಕೆಂಡ್ ಸಿಗುತ್ತೆ. ಮುಕ್ಕಾಲು ಸೆಕೆಂಡ್‌ನಲ್ಲಿ ಕೈ ಹಾರಿಸಿ, ಗಾಳಿಯಲ್ಲಿ ನಿಲ್ಲಿಸಿ, ವಾಪಸ್ ಬಡಿಯೋಕೆ ಟೈಮ್ ಇದೆ, ಹಾಗಾಗಿ ತಪ್ಪು ಚಲನೆಯೂ ಅಲ್ಲಿ ನಡೆದುಬಿಡುತ್ತೆ. ಅದನ್ನೇ ಮೆಟ್ರೊನೋಮ್, ಅಂದ್ರೆ ಬೀಟ್ ಟಿಕ್ ಟಿಕ್ ಅಂತ ಕೇಳಿಸೋ ಸಾಧನ, ನಾಲ್ಕು ನಾಲ್ಕು ಬೀಟ್ ಏರಿಸ್ತಾ ಹೋದ್ರೆ ಅದೇ ದೊಡ್ಡ ಚಲನೆಯನ್ನ ಕೈ ಇನ್ನೂ ಬೇಗ ಮಾಡೋಕೆ ಒದ್ದಾಡುತ್ತೆ, ಒಂದು ಮಟ್ಟದಲ್ಲಿ ಲಾಕ್ ಆಗುತ್ತೆ. ಇವರಿಗೆ ಲಾಕ್ ಆಗ್ತಿದ್ದಿದ್ದು 110 ರ ಹತ್ರ. ಹಾಗಾಗಿ ಮೆಟ್ರೊನೋಮ್ ಏರಿಸೋ ದಾರಿ ಬಿಟ್ಟು ಚಿಕ್ಕ ಚಿಕ್ಕ ತುಂಡು ಮಾಡಿದ್ವಿ: ಪೂರ್ತಿ ಸ್ಪೀಡಲ್ಲಿ ಎರಡೇ ಕಾರ್ಡ್, ಆಮೇಲೆ ಕೈ ಕೀ ಮೇಲೇ ಮಲಗಿಸಿ ಉದ್ದ ರೆಸ್ಟ್, ಉಸಿರು ಬಿಟ್ಟು ಮತ್ತೆ ಎರಡು. ಎರಡು ಸಲೀಸಾದ ಮೇಲೆ ಮೂರು, ಆಮೇಲೆ ನಾಲ್ಕು. ರೆಸ್ಟ್ ಕಡಿಮೆ ಮಾಡೋದು ಕೊನೆಗೆ. ಹೀಗೆ ಮಾಡಿದ್ರೆ ಕೈ ಮೊದಲ ದಿನದಿಂದಲೇ ಫಾಸ್ಟ್ ಸ್ಪೀಡಿಗೆ ಬೇಕಾದ ಚಿಕ್ಕ ಚಲನೆಯನ್ನೇ ಕಲಿಯುತ್ತೆ.

ನಾಲ್ಕು ಕಾರ್ಡ್ ಸೇರಿದಾಗ ಇನ್ನೊಂದು ಸೇರಿಸಿದ್ವಿ. ಪ್ರತಿ ಕಾರ್ಡ್‌ಗೂ ಬೇರೆ ಬೇರೆ ಏಟು ಅಂತ ಯೋಚಿಸದೆ, ಮೊದಲ ಕಾರ್ಡ್‌ಗೆ ಮಣಿಕಟ್ಟು ಒಂಚೂರು ಕೆಳಗೆ, ಮುಂದಿನ ಮೂರರಲ್ಲಿ ಮೆಲ್ಲಗೆ ಮೇಲಕ್ಕೆ ಬರೋದು, ಒಂದೇ ಉಸಿರಿನಲ್ಲಿ ನಾಲ್ಕು. ನೋಡೋರಿಗೆ ಇದು ಕಾಣೋದೂ ಇಲ್ಲ, ಅಷ್ಟು ಚಿಕ್ಕದು. ಮಣಿಕಟ್ಟು ಅಲ್ಲಾಡ್ತಾ ಇರೋವರೆಗೂ ಲಾಕ್ ಆಗೋಕೆ ಆಗಲ್ಲ, ಇದರ ಉಪಯೋಗ ಅಷ್ಟೇ, ಆದ್ರೆ ಅದು ದೊಡ್ಡ ಉಪಯೋಗ.

ಇಷ್ಟಾದ್ಮೇಲೆ ಎಡಗೈ ಒಂದೇ ಆದ್ರೆ ಸೂಪರ್. ಬಲಗೈ ಸೇರಿದ ಕೂಡಲೇ ಎಲ್ಲ ವಾಪಸ್. ಉಂಗುರಬೆರಳು ಮತ್ತೆ ಮೇಲೆ, ಕಾರ್ಡ್ ಮತ್ತೆ ಜೋರು, ಅದರ ಮೇಲೆ ದವಡೆ ಕಚ್ಕೊಂಡು ಉಸಿರು ಹಿಡಿದಿದ್ರು. ಅವರಿಗೆ ಬೇಜಾರಾಯ್ತು, ಕಲಿತದ್ದೆಲ್ಲ ವೇಸ್ಟ್ ಅಂತ. ವೇಸ್ಟ್ ಏನಿಲ್ಲ, ಒಂದು ಕೈ ಕಷ್ಟಪಡುವಾಗ ಆ ಪ್ರಯತ್ನ ಇನ್ನೊಂದಕ್ಕೂ ಹರಿಯೋದು ಸಹಜ, ಬಲಗೈ ಫಾಸ್ಟ್ ಸ್ವರಗಳಲ್ಲಿ ಜೋರು ಮಾಡಿದಾಗ ಎಡಗೈಯೂ ಜೋರು ಮಾಡ್ತಿತ್ತು. ಅದಕ್ಕೆ ಬಲಗೈಯನ್ನ ತೆಳು ಮಾಡಿದ್ವಿ, ಪ್ರತಿ ಗುಂಪಿನ ಮೊದಲ ಸ್ವರ ಮಾತ್ರ ನುಡಿಸೋದು, ಎಡಗೈ ಪೂರ್ತಿ. ಆಮೇಲೆ ಮೊದಲ ಎರಡು ಸ್ವರ. ಕೊನೆಗೆ ಪೂರ್ತಿ, ಆದ್ರೆ ಕ್ರೆಸೆಂಡೊ, ಅಂದ್ರೆ ಬರ್ತಾ ಬರ್ತಾ ಜೋರಾಗೋದು, ಇಲ್ಲದೆ. ಕ್ರೆಸೆಂಡೊ ಎಲ್ಲಕ್ಕಿಂತ ಕೊನೆಗೆ ಬಂತು, ಅದೂ ಬಲಗೈಗೆ ಮಾತ್ರ ಅಂತ ಪೆನ್ಸಿಲ್‌ನಲ್ಲಿ ಬರ್ಕೊಂಡು. ಪ್ರತಿ ಲೈನ್ ಶುರುವಿನಲ್ಲಿ ಉಸಿರು ಬಿಡೋ ಗುರುತು ಒಂದು ಹಾಕಿದ್ರು, ಅದು ಅವರದ್ದೇ ಐಡಿಯಾ, ಚೆನ್ನಾಗಿ ಕೆಲಸ ಮಾಡ್ತು.

ಕಾರ್ಡ್ ಬದಲಾಗೋ ಜಾಗಗಳಲ್ಲಿ ಸ್ವಲ್ಪ ಹೆಚ್ಚು ಟೈಮ್ ಹಿಡೀತು. ಮುಂದಿನ ಕಾರ್ಡ್ ಆಕಾರವನ್ನ ಅವರು ಗಾಳಿಯಲ್ಲೇ ರೆಡಿ ಮಾಡ್ಕೊಂಡು ಇಳಿಯೋರು. ಅದರ ಬದಲು ಬಿಟ್ಟ ಕೈ ಕೀಗಳ ಮೇಲೇ ಜಾರಿ ಹೊಸ ಜಾಗಕ್ಕೆ ಹೋಗಿ, ಮುಟ್ಟಿ, ಆಮೇಲೆ ನುಡಿಸೋದು. ಮುಟ್ಟೋದಕ್ಕೂ ನುಡಿಸೋದಕ್ಕೂ ಮಧ್ಯೆ ಮೊದಲು ಸ್ಪಷ್ಟವಾಗಿ ಗ್ಯಾಪ್ ಇಟ್ವಿ, ಆಮೇಲೆ ಅದು ತಾನಾಗೇ ಸಣ್ಣದಾಯ್ತು.

ಈಗ ಅವರು ಪೀಸ್ ಪೂರ್ತಿ 132 ರಲ್ಲಿ ಉರಿ ಇಲ್ಲದೆ ನುಡಿಸ್ತಾರೆ, 152 ಕ್ಕೆ ಅವರೂ ಅವಸರ ಮಾಡ್ತಿಲ್ಲ, ನಾನೂ ಮಾಡಿಸ್ತಿಲ್ಲ. ಮಧ್ಯದ ಭಾಗದಲ್ಲಿ ಪಾತ್ರ ಅದಲುಬದಲಾಗಿ ಓಡೋ ಸ್ವರ ಎಡಗೈಗೆ, ಕಾರ್ಡ್ ಬಲಗೈಗೆ ಬರುತ್ತಲ್ಲ, ಅಲ್ಲಿ ಬಲಗೈಗೆ ಇದನ್ನೆಲ್ಲ ಮತ್ತೆ ಕಲಿಸೋ ಅಗತ್ಯ ಬೀಳಲಿಲ್ಲ, ಬಿಡೋದು ಹೇಗೆ ಅಂತ ಅದು ಪಕ್ಕದ ಕೈಯಿಂದ ಹೇಗೋ ಕಲ್ತುಬಿಟ್ಟಿತ್ತು.

ಇನ್ನೂ ಬಾಕಿ ಇರೋದು ಅಗಲದ ಕಾರ್ಡ್‌ಗಳು. ಅವರ ಕೈ ಚಿಕ್ಕದು, ಆಕ್ಟೇವ್, ಅಂದ್ರೆ ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗಿನ ಅಗಲ, ಕಷ್ಟಪಟ್ಟು ಸಿಗುತ್ತೆ, ಮಧ್ಯೆ ಸ್ವರ ತುಂಬಿದ ಆಕ್ಟೇವ್ ಕಾರ್ಡ್ ಸ್ಟಕ್ಕಾಟೊ ಬಂದ್ರೆ ಈ ವಿಧಾನ ಅರ್ಧ ಮಾತ್ರ ಕೆಲಸ ಮಾಡುತ್ತೆ, ಯಾಕಂದ್ರೆ ಹೆಬ್ಬೆರಳು, ಕಿರುಬೆರಳನ್ನ ಅಷ್ಟು ಅಗಲ ಹಿಡಿಯೋದೇ ಒಂದು ಬಿಗಿ, ಅದನ್ನ ಕೀ ಮೇಲೆ ಇಟ್ಕೊಂಡೇ ರೆಸ್ಟ್ ಮಾಡೋಕಾಗಲ್ಲ. ಅಲ್ಲಿ ಕಾರ್ಡ್ ಆದ ತಕ್ಷಣ ಅಂಗೈ ತಾನಾಗೇ ಒಳಗೆ ಮುದುಡೋಕೆ ಬಿಡೋದು, ಮುಂದಿನದಕ್ಕೆ ಮತ್ತೆ ಅಗಲ ಮಾಡೋದು, ಇದನ್ನ ತುಂಬಾ ನಿಧಾನವಾಗಿ ಶುರು ಮಾಡಿದೀವಿ. ತುಂಬಾ ಅಗಲ ಇರೋ ಕಡೆ ಮಧ್ಯದ ಒಂದು ಸ್ವರವನ್ನ ಯೋಚಿಸಿ ಬಿಟ್ಟುಬಿಡೋಕೂ ಹೇಳಿದೀನಿ, ಅದೇ ಸ್ವರ ಇನ್ನೊಂದು ಕೈಯಲ್ಲಿ ಇದ್ರೆ ಕೇಳೋರಿಗೆ ಅದು ಹೋಗಿದ್ದು ಗೊತ್ತೇ ಆಗಲ್ಲ.